ಕಾವಲು ಜೋಡಿಗಳನ್ನು ತೂಗುವ ತಕ್ಕಡಿ

ಹಾಕಿಯೆಂದೊಡನೆ ನಮ್ಮ ನಾಡಿನ ವಾಚಕರ ಕಣ್ಣ ಮುಂದೆ ಸುಳಿಯುವುದು ಕೊಡಗಿನ ಮೈದಾನಗಳಲ್ಲಿ ಕಾಣುವ ಆಟ. ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಆ ಹೆಸರು ಹಿಮಗಡ್ಡೆಯ ಮೇಲೆ, ಲೋಹದ ಅಲಗಿನ ಪಾದರಕ್ಷೆ ತೊಟ್ಟು ಆಡುವ ಆಟಕ್ಕೆ ಸಲ್ಲುತ್ತದೆ. ಅಲ್ಲಿ ಚೆಂಡಿಲ್ಲ, ಅದರ ಸ್ಥಾನದಲ್ಲಿ 7.6 ಸೆಂಟಿಮೀಟರ್ ವ್ಯಾಸದ, 2.5 ಸೆಂಟಿಮೀಟರ್ ದಪ್ಪದ ರಬ್ಬರಿನ ಬಿಲ್ಲೆಯೊಂದಿದೆ. ಅದಕ್ಕೆ ಪಕ್ ಎಂದು ಹೆಸರು. ಗೋಲ್‌ಕೀಪರನನ್ನು ಬಿಟ್ಟರೆ ಒಂದೊಂದು ಪಕ್ಷಕ್ಕೆ ಕಣದಲ್ಲಿ ಐವರು. ಅವರಲ್ಲಿ ಮೂವರು ಮುನ್ನುಗ್ಗುವವರು, ಇಬ್ಬರು ರಕ್ಷಕರು. ಓಟ ಬಹು ಬಿರುಸಾದುದರಿಂದ ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಿರಬೇಕಾಗುತ್ತದೆ. ಆದಕಾರಣ ಪ್ರತಿಯೊಂದು ತಂಡವೂ ಸಾಮಾನ್ಯವಾಗಿ ಆರು ಮಂದಿ ರಕ್ಷಕರನ್ನು ಮೂರು ಜೋಡಿಗಳಾಗಿ ಕಟ್ಟಿಕೊಂಡು ಒಂದು ಜೋಡಿಯ ಬೆನ್ನಿಗೆ ಇನ್ನೊಂದನ್ನು ಕಣಕ್ಕಿಳಿಸುತ್ತದೆ.

ನ್ಯಾಷನಲ್ ಹಾಕಿ ಲೀಗಿನ ಋತು ಮುಗಿದ ಮೇಲೆ ಹದಿನಾರು ತಂಡಗಳು ಸ್ಟ್ಯಾನ್ಲಿ ಕಪ್ಪಿಗಾಗಿ ಎರಡೆರಡಾಗಿ ಸೆಣಸುತ್ತವೆ. ಏಳು ಆಟಗಳ ಸರಣಿಯಲ್ಲಿ ಮೊದಲು ನಾಲ್ಕನ್ನು ಗೆದ್ದವರು ಮುಂದಕ್ಕೆ ಹೋಗುವರು. ಇಂಥ ಸರಣಿಗೆ ಮುನ್ನ ಪತ್ರಿಕೆಗಳಲ್ಲಿ ಎರಡು ತಂಡಗಳ ರಕ್ಷಕ ಜೋಡಿಗಳನ್ನು ಎದುರುಬದುರು ನಿಲ್ಲಿಸಿ, ಇದು ಭದ್ರ, ಇದು ಜಳ್ಳು ಎಂದು ತೀರ್ಪು ಕೊಡುವುದು ಅಲ್ಲಿ ರೂಢಿ. ಆಟವು ನಮಗೆ ದೂರದ್ದಾದರೂ ಆ ತೀರ್ಪಿನ ಕ್ರಮ ಭೌತವಿಜ್ಞಾನದ ವಿದ್ಯಾರ್ಥಿಗೆ ಹತ್ತಿರದ್ದು. ದೋಷದ ಮಿತಿಯನ್ನು ಹೇಳದೆ ಅಳತೆಯನ್ನಷ್ಟೇ ಬರೆದು ತಂದರೆ ಪ್ರಯೋಗಶಾಲೆಯ ಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ. ಅದೇ ನಿಯಮವನ್ನು ಆ ರಕ್ಷಕರಿಗೂ ಸಲ್ಲಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಆ ತೀರ್ಪುಗಳ ಮೇಲೆ ಮನುಷ್ಯರ ಜೀವನೋಪಾಯ ನಿಂತಿದೆ.

ರೂಢಿಯ ತಕ್ಕಡಿಗೆ ಪ್ಲಸ್-ಮೈನಸ್ ಎಂದು ಹೆಸರು. ಲೀಗು ಇದನ್ನು 1967-68 ರ ಋತುವಿನಿಂದ ಅಧಿಕೃತವಾಗಿ ಬರೆದಿಡುತ್ತ ಬಂದಿದೆ. ಆಟಗಾರನು ಕಣದಲ್ಲಿರುವಾಗ ತನ್ನ ತಂಡ ಗೋಲು ಹೊಡೆದರೆ ಅವನಿಗೆ ಒಂದು ಕೂಡುತ್ತದೆ. ಎದುರಾಳಿ ಹೊಡೆದರೆ ಒಂದು ಕಳೆಯುತ್ತದೆ. ದಂಡನೆಯಿಂದಾಗಿ ಎದುರು ಪಕ್ಷದಲ್ಲಿ ಆಳು ಕಡಮೆಯಾದಾಗ ಹೊಡೆದ ಗೋಲುಗಳು ಮಾತ್ರ ಲೆಕ್ಕಕ್ಕಿಲ್ಲ. 1970-71 ರಲ್ಲಿ ಬಾಸ್ಟನ್ ತಂಡದ ಬಾಬಿ ಓರ್ ಗಳಿಸಿದ 124 ಈ ಲೆಕ್ಕದ ದಾಖಲೆ. 2023-24 ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ತಂಡದ ರಕ್ಷಕ ಗುಸ್ತಾವ್ ಫೋರ್ಸ್ಲಿಂಗ್ 56 ಗಳಿಸಿ ಲೀಗಿಗೇ ಮೊದಲಿಗರಾದರು. ಇಂಥ ದೊಡ್ಡ ಸಂಖ್ಯೆಗಳ ವಿಷಯದಲ್ಲಿ ನಮಗೆ ತಕರಾರಿಲ್ಲ. ತಕರಾರಿರುವುದು ಸಣ್ಣ ಸಂಖ್ಯೆಗಳ ವಿಷಯದಲ್ಲಿ. ತೀರ್ಪುಗಳಲ್ಲಿ ಹೆಚ್ಚಿನವು ನಿಂತಿರುವುದೂ ಅವುಗಳ ಮೇಲೆಯೇ.

ಒಂದು ಲೆಕ್ಕ ಹಾಕೋಣ. ತಂಡದ ಎರಡನೆಯ ಜೋಡಿ ಒಂದು ಆಟದಲ್ಲಿ ಐವರಿಗೆ ಐವರು ಇರುವ ಹೊತ್ತಿನಲ್ಲಿ ಸುಮಾರು 16 ನಿಮಿಷ ಕಣದಲ್ಲಿರುತ್ತದೆ ಎನ್ನೋಣ. ಏಳು ಆಟಗಳಿಗೆ 112 ನಿಮಿಷ. ಈ ಲೀಗಿನಲ್ಲಿ ಅಂಥ ಹೊತ್ತಿನಲ್ಲಿ ಅರುವತ್ತು ನಿಮಿಷಕ್ಕೆ ಒಂದು ಪಕ್ಷಕ್ಕೆ ಸರಿಸುಮಾರು ಎರಡೂವರೆ ಗೋಲು ಬೀಳುತ್ತವೆ. ಹಾಗಾದರೆ ಇಡೀ ಸರಣಿಯಲ್ಲಿ ಆ ಜೋಡಿಯ ಕಣ್ಣೆದುರು ಒಂದೊಂದು ಕಡೆಗೆ ಬೀಳುವ ಗೋಲು ಐದಕ್ಕೆ ಮೀರದು. ವಿಕಿರಣ ಧಾತುವಿನ ಮುಂದೆ ಗೀಗರ್ ಗಣಕವನ್ನಿಟ್ಟು ಎಣಿಸಿದ ವಿದ್ಯಾರ್ಥಿಗೆ ಮುಂದಿನ ಮಾತು ಗೊತ್ತಿದೆ. ಬಿಡಿಬಿಡಿಯಾಗಿ, ಆಕಸ್ಮಿಕವಾಗಿ ನಡೆಯುವ ಘಟನೆಗಳನ್ನು ಎಣಿಸುವಾಗ ಎಣಿಕೆಯ ವರ್ಗಮೂಲದಷ್ಟು ಏರುಪೇರು ತಾನಾಗಿಯೇ ಬರುತ್ತದೆ. ಐದಕ್ಕೆ ಎರಡು ಹೆಚ್ಚುಕಡಮೆ. ಎರಡೂ ಕಡೆಯ ಗೋಲುಗಳ ವ್ಯತ್ಯಾಸ ತೆಗೆದುಕೊಂಡರೆ ಏರುಪೇರು ಮೂರು. ಎಂದರೆ, ಎದುರಾಳಿಗೆ ಎಲ್ಲ ವಿಧದಲ್ಲೂ ಸರಿಸಮವಾದ ಒಂದು ಜೋಡಿ ಸರಣಿಯ ಕೊನೆಗೆ ಮೈನಸ್ ಮೂರರಲ್ಲಿ ನಿಂತಿದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಪ್ಲಸ್ ಮೂರರಲ್ಲಿ ನಿಂತಿದ್ದರೂ ಇಲ್ಲ. ಪತ್ರಿಕೆಗಳಲ್ಲಿ ಮಾತ್ರ ಮೊದಲನೆಯದಕ್ಕೆ ಬೈಗುಳ, ಎರಡನೆಯದಕ್ಕೆ ಹೂಮಾಲೆ.

2024 ರ ಅಂತಿಮ ಸರಣಿಯನ್ನು ನೋಡಬಹುದು. ಫ್ಲಾರಿಡಾ ತಂಡವೂ ಕೆನಡಾದ ಎಡ್ಮಂಟನ್ ಆಯಿಲರ್ಸ್ ತಂಡವೂ ಅದರಲ್ಲಿ ಎದುರಾದವು. ಜೂನ್ 8 ರಂದು ನಡೆದ ಮೊದಲನೆಯ ಆಟದಲ್ಲಿ ಎಡ್ಮಂಟನ್ 32 ಬಾರಿ ಗೋಲಿಗೆ ಗುರಿಯಿಟ್ಟು ಹೊಡೆಯಿತು. ಫ್ಲಾರಿಡಾ ಹೊಡೆದದ್ದು 18 ಬಾರಿ. ಗೆದ್ದದ್ದು ಫ್ಲಾರಿಡಾ, ಅದೂ 3-0 ರಿಂದ! ಫ್ಲಾರಿಡಾದ ಗೋಲ್‌ಕೀಪರ್ ಸೆರ್ಗೆಯ್ ಬಾಬ್ರೋವ್ಸ್ಕಿ 32 ಹೊಡೆತಗಳನ್ನೂ ತಡೆದರು. ಮೂರನೆಯ ಗೋಲಂತೂ ಕೊನೆಯ ಗಳಿಗೆಯಲ್ಲಿ ಎಡ್ಮಂಟನ್ ತನ್ನ ಗೋಲ್‌ಕೀಪರನನ್ನು ಹಿಂದಕ್ಕೆ ಕರೆದು ಆರನೆಯ ಆಟಗಾರನನ್ನು ಮುಂದಕ್ಕೆ ಕಳಿಸಿದ್ದಾಗ ಬರಿದಾದ ಗೋಲಿಗೆ ಬಿದ್ದದ್ದು. ಅಂಥ ಗೋಲಿಗೂ ಪ್ಲಸ್-ಮೈನಸ್ ಪುಸ್ತಕ ಕಣದಲ್ಲಿದ್ದವರ ಲೆಕ್ಕದಿಂದ ಒಂದನ್ನು ಕಳೆಯುತ್ತದೆ. ಎದುರಾಳಿಗೆ ಹದಿನೆಂಟೇ ಹೊಡೆತಗಳನ್ನು ಬಿಟ್ಟುಕೊಟ್ಟ ರಕ್ಷಕರು ಆ ರಾತ್ರಿ ಋಣದ ಪಟ್ಟಿಗೆ ಸೇರಿದರು.

ಮುಂದೆ ಎಡ್ಮಂಟನ್ ಮೊದಲ ಮೂರು ಆಟಗಳನ್ನು ಸೋತು, ಆಮೇಲಣ ಮೂರನ್ನು 8-1, 5-3, 5-1 ರಿಂದ ಗೆದ್ದಿತು. ಅಂತಿಮ ಸರಣಿಯಲ್ಲಿ ಮೂರನ್ನು ಸೋತ ತಂಡ ಏಳನೆಯ ಆಟದವರೆಗೆ ಎಳೆದದ್ದು 1945 ರ ಬಳಿಕ ಅದೇ ಮೊದಲು. ಜೂನ್ 24 ರಂದು ಏಳನೆಯ ಆಟವನ್ನು ಫ್ಲಾರಿಡಾ 2-1 ರಿಂದ ಗೆದ್ದು ಕಪ್ಪನ್ನು ಕೊಂಡೊಯ್ದಿತು. ಏಳೂ ಆಟಗಳ ಗೋಲುಗಳನ್ನು ಕೂಡಿಸಿ ನೋಡಿದರೆ ಎಡ್ಮಂಟನ್ 23, ಫ್ಲಾರಿಡಾ 18. ಸೋತವರ ಗೋಲುಗಳೇ ಹೆಚ್ಚು! ಎಂಟು ಗೋಲು ಬಿದ್ದ ಆ ಒಂದು ರಾತ್ರಿ ಯಾವ ರಕ್ಷಕ ಯಾವ ಗಳಿಗೆಯಲ್ಲಿ ಕಣದಲ್ಲಿದ್ದನೆಂಬುದರ ಮೇಲೆ ಅವನ ಇಡೀ ಸರಣಿಯ ಸಂಖ್ಯೆ ತಿರುಗಬಹುದಾಗಿತ್ತು.

ಹಾಗಾದರೆ ಎಲ್ಲವೂ ಅದೃಷ್ಟವೆಂದು ಕೈಕಟ್ಟಿ ಕೂರಬೇಕೆ? ಕೂಡದು. ಎಣಿಕೆ ಚಿಕ್ಕದಾದರೆ ಹೆಚ್ಚು ಸಲ ನಡೆಯುವ ಘಟನೆಯನ್ನು ಎಣಿಸಬೇಕು. ಬಫಲೋ ತಂಡದ ಗೋಲ್‌ಕೀಪರುಗಳಿಗೆ ತರಬೇತಿ ಕೊಡುತ್ತಿದ್ದ ಜಿಮ್ ಕೊರ್ಸಿ ಎಂಬವರು ಗೋಲ್‌ಕೀಪರನ ದುಡಿಮೆಯನ್ನು ಅಳೆಯಲು, ಗೋಲಿಗೆ ತಲಪಿದ್ದು, ಗುರಿ ತಪ್ಪಿದ್ದು, ನಡುವೆ ತಡೆಯಲ್ಪಟ್ಟದ್ದು ಎಂಬ ಭೇದವಿಲ್ಲದೆ ಹೊಡೆತದ ಪ್ರಯತ್ನಗಳನ್ನೆಲ್ಲ ಎಣಿಸಿದರು. ಅವರ ಹೆಸರು ಇಂದಿಗೂ ಆ ಎಣಿಕೆಗೆ ಅಂಟಿಕೊಂಡಿದೆ. ಅರುವತ್ತು ನಿಮಿಷಕ್ಕೆ ಒಂದೊಂದು ಪಕ್ಷದಿಂದ ಇಂಥ ಪ್ರಯತ್ನಗಳು ಅರುವತ್ತರ ಆಸುಪಾಸಿನಲ್ಲಿರುತ್ತವೆ. ನಮ್ಮ 112 ನಿಮಿಷಗಳಲ್ಲಿ ಎರಡೂ ಕಡೆ ಸೇರಿ ಸುಮಾರು 224. ಇದರಲ್ಲಿ ತನ್ನ ತಂಡದ ಪಾಲು ಶೇಕಡ 50 ಇರಬೇಕಾದ ಜೋಡಿಗೆ ಆಕಸ್ಮಿಕದ ಏರುಪೇರು ಶೇಕಡ 3 ಕ್ಕೆ ತುಸು ಮೇಲೆ. ಗೋಲುಗಳಲ್ಲಿ ಅದೇ ಪಾಲನ್ನು ಅಳೆದರೆ ಏರುಪೇರು ಶೇಕಡ 16. ಸರಣಿಯನ್ನು ಬಿಟ್ಟು ಹಿಂದಿನ ಇಡೀ ಋತುವಿನ 1,300 ನಿಮಿಷಗಳನ್ನು ತೆಗೆದುಕೊಂಡರೆ ಪ್ರಯತ್ನಗಳ ಲೆಕ್ಕದಲ್ಲಿ ಏರುಪೇರು ಶೇಕಡ 1 ಕ್ಕೆ ಇಳಿಯುತ್ತದೆ; ಗೋಲುಗಳ ಲೆಕ್ಕದಲ್ಲಿ ಆಗಲೂ ಶೇಕಡ 5 ರಷ್ಟು ಉಳಿಯುತ್ತದೆ. ಒಂದು ಪ್ರಯತ್ನದ ಬೆನ್ನಿಗೇ ಇನ್ನೊಂದು ಬರುವುದುಂಟಾದ್ದರಿಂದ ನಿಜವಾದ ಏರುಪೇರು ಇದಕ್ಕಿಂತ ಸ್ವಲ್ಪ ಹೆಚ್ಚೇ ಎನ್ನಬೇಕು. ಆದರೂ ಶೇಕಡ 54 ರ ಜೋಡಿಯನ್ನು 46 ರ ಜೋಡಿಯಿಂದ ಬೇರ್ಪಡಿಸಲು ಈ ತಕ್ಕಡಿ ಸಾಕು. ದೂರದ ಹೊಡೆತಕ್ಕೆ ಕಡಮೆ, ಗೋಲಿನ ಬಾಯಲ್ಲಿನ ಹೊಡೆತಕ್ಕೆ ಹೆಚ್ಚು ಎಂದು ತೂಕ ಕಟ್ಟುವ ವಿಧಾನಗಳೂ ಈಗ ಬಳಕೆಯಲ್ಲಿವೆ. ಅವು ಇದೇ ವಿಚಾರದ ಮುಂದಿನ ಹೆಜ್ಜೆ.

ಎಣಿಸಿದ್ದಕ್ಕೇ ಕೆಲಸ ಮುಗಿಯಲಿಲ್ಲ. ಎಡ್ಮಂಟನ್ನಿನ ಕಾನರ್ ಮೆಕ್‌ಡೇವಿಡ್ 2024 ರ ಪ್ಲೇ-ಆಫ್‌ಗಳಲ್ಲಿ 42 ಅಂಕ ಗಳಿಸಿ, ತಂಡ ಸೋತರೂ ಪ್ಲೇ-ಆಫ್‌ಗಳ ಅತ್ಯುತ್ತಮ ಆಟಗಾರನೆಂಬ ಬಹುಮಾನ ಪಡೆದವರು. ಅವರ ಎದುರು ನಿಲ್ಲುವ ಜೋಡಿಯ ಲೆಕ್ಕವೂ, ಅವರು ಬೆಂಚಿನಲ್ಲಿ ಕುಳಿತಾಗ ಕಣಕ್ಕಿಳಿಯುವ ಜೋಡಿಯ ಲೆಕ್ಕವೂ ಒಂದೇ ಆಗಲಾರದು. ಆಟ ನಿಂತಾಗ ಕೊನೆಯದಾಗಿ ಆಟಗಾರರನ್ನು ಬದಲಿಸುವ ಹಕ್ಕು ಸ್ವಂತ ಊರಿನ ತಂಡಕ್ಕಿರುವುದರಿಂದ ತನ್ನ ಊರಿನಲ್ಲಿ ಒಬ್ಬ ತರಬೇತುದಾರ ಯಾವ ಜೋಡಿಯನ್ನು ಯಾರ ಮುಂದೆ ನಿಲ್ಲಿಸಬೇಕೆಂಬುದನ್ನು ಬಹುಮಟ್ಟಿಗೆ ತಾನೇ ಆರಿಸಿಕೊಳ್ಳಬಲ್ಲನು. ಅತ್ಯಂತ ಕಠಿನ ಕೆಲಸ ಮಾಡಿದವರ ಅಂಕಿಗಳು ಸಪ್ಪೆಯಾಗಿ ಕಾಣುವುದಕ್ಕೆ ಇದೇ ಕಾರಣವಿರಬಹುದು.

ಇನ್ನೊಂದು ತೊಡಕು ಬೀಜಗಣಿತದ್ದು. ಇಬ್ಬರು ರಕ್ಷಕರು ಯಾವಾಗಲೂ ಜೊತೆಯಾಗಿಯೇ ಆಡಿದರೆ ನಮ್ಮ ಕೈಯಲ್ಲಿ ಎರಡು ಅಜ್ಞಾತಗಳಿಗೆ ಒಂದೇ ಸಮೀಕರಣವಿರುತ್ತದೆ. ಯಾರು ಹೊತ್ತರು, ಯಾರು ಹೊರಿಸಿಕೊಂಡರು ಎಂದು ಹೇಳಲಾಗದು. ಫೋರ್ಸ್ಲಿಂಗರ ಜೊತೆಗಾರ ಆರನ್ ಎಕ್‌ಬ್ಲಾಡ್. 2023-24 ರಲ್ಲಿ ಎಕ್‌ಬ್ಲಾಡ್ ಗಾಯದ ಕಾರಣದಿಂದ 82 ರ ಪೈಕಿ 51 ಆಟಗಳನ್ನಷ್ಟೇ ಆಡಿದರು. ಫೋರ್ಸ್ಲಿಂಗ್ ಆಡಿದ್ದು 79. ಕನಿಷ್ಠ 28 ಆಟಗಳಲ್ಲಿ ಫೋರ್ಸ್ಲಿಂಗ್ ಬೇರೆಯವರೊಡನೆ ನಿಂತರು. ಎರಡನೆಯ ಸಮೀಕರಣ ಹೀಗೆ ಸಿಕ್ಕಿತು. ಗಾಯ ಆಟಗಾರನಿಗೆ ಕೆಟ್ಟದ್ದು, ಲೆಕ್ಕ ಹಾಕುವವನಿಗೆ ಮಾತ್ರ ಉಪಕಾರಿ! ಅಂದ ಹಾಗೆ, ಇದೇ ಫೋರ್ಸ್ಲಿಂಗರನ್ನು 2021 ರ ಜನವರಿಯಲ್ಲಿ ಕ್ಯಾರೊಲೈನಾ ತಂಡ ಬಿಟ್ಟುಕೊಡುವವರ ಪಟ್ಟಿಯಲ್ಲಿ ಹಾಕಿತ್ತು. ಫ್ಲಾರಿಡಾ ಅಲ್ಲಿಂದಲೇ ಎತ್ತಿಕೊಂಡಿತು.

ಜೋಡಿ ಕಟ್ಟುವಾಗ ತರಬೇತುದಾರರು ಬಹಳವಾಗಿ ನಂಬುವ ಸೂತ್ರವೆಂದರೆ ಒಬ್ಬ ಎಡಗೈಯವನು, ಒಬ್ಬ ಬಲಗೈಯವನು ಇರಬೇಕೆಂಬುದು. ಇದಕ್ಕೆ ಯಂತ್ರಶಾಸ್ತ್ರದ ಆಧಾರವಿದೆ. ಕಣದ ಸುತ್ತ ಗೋಡೆಯಿದೆ. ಪಕ್ ಅದರ ಅಂಚಿನಲ್ಲೇ ಜಾರಿಕೊಂಡು ಬರುವುದು ಹೆಚ್ಚು. ಕೋಲಿನ ಅಲಗನ್ನು ಮೈಯ ಬಲಗಡೆ ಹಿಡಿಯುವವನು ಬಲಬದಿಯಲ್ಲಿ ನಿಂತರೆ ಅಲಗು ಗೋಡೆಯ ಪಕ್ಕದಲ್ಲೇ ಇರುತ್ತದೆ. ಪಕ್ಕನ್ನು ಅಲಗಿನ ಒಳಮುಖದಿಂದ ತಡೆದು ಹಾಗೆಯೇ ನಡುವಿಗೆ ರವಾನಿಸಬಲ್ಲನು. ಎಡಗಡೆ ಹಿಡಿಯುವವನು ಅಲ್ಲಿ ನಿಂತರೆ ಕೋಲನ್ನು ಮೈಗೆ ಅಡ್ಡವಾಗಿ ಚಾಚಿ, ಉಬ್ಬಿದ ಹೊರಮುಖದಿಂದ ತಡೆದು, ಆಮೇಲೆ ಮೈ ತಿರುಗಿಸಬೇಕು. ಇದಕ್ಕೆ ಒಂದು ಸೆಕೆಂಡಿನ ಮೂರನೆಯ ಒಂದು ಭಾಗ ಹೆಚ್ಚು ಹಿಡಿಯಿತೆನ್ನೋಣ. ಮೈಮೇಲೆ ಬರುವ ವೇಗದ ಆಟಗಾರ ಸೆಕೆಂಡಿಗೆ 10 ಮೀಟರಿನಂತೆ ಬರುತ್ತಿದ್ದರೆ ಅಷ್ಟರಲ್ಲಿ ಮೂರು ಮೀಟರು ಹತ್ತಿರವಾದನು. ಎದುರಾಳಿಯ ಗೋಲುಗೆರೆಗೂ ರಕ್ಷಕ ನಿಲ್ಲುವ ನೀಲಿ ಗೆರೆಗೂ ನಡುವೆ 19.5 ಮೀಟರು ಅಂತರ. ಸೆಕೆಂಡಿಗೆ 40 ಮೀಟರು ವೇಗದ ಹೊಡೆತ ಅದನ್ನು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಇಂಥ ಆಟದಲ್ಲಿ ಮೂರನೆಯ ಒಂದು ಸೆಕೆಂಡು ಅಲ್ಪವಲ್ಲ.

ಆದರೂ ಈ ಸೂತ್ರವನ್ನು ಶಾಸನವೆಂದು ಹಿಡಿಯುವವರೊಡನೆ ನಮಗೆ ಒಮ್ಮತವಿಲ್ಲ. 2024 ರಲ್ಲಿ ಕಪ್ ಗೆದ್ದ ಫ್ಲಾರಿಡಾದ ಮೂರನೆಯ ಜೋಡಿ ಆಲಿವರ್ ಎಕ್‌ಮನ್-ಲಾರ್ಸನ್ ಮತ್ತು ಡಿಮಿಟ್ರಿ ಕುಲಿಕಾವ್. ಇಬ್ಬರೂ ಎಡಗೈಯವರೇ. ಕಾರಣವೊಂದು ನಿಜವಾಗಿದ್ದ ಮಾತ್ರಕ್ಕೆ ಅದೇ ದೊಡ್ಡ ಕಾರಣವಾಗಬೇಕಿಲ್ಲ. ಎಷ್ಟು ಎಂಬುದನ್ನು ಅಳೆದೇ ತಿಳಿಯಬೇಕು.

ಇಷ್ಟು ಹೇಳಿದ ಮೇಲೆ ತರಬೇತುದಾರನ ಕಷ್ಟವನ್ನೂ ಮರೆಯಲಾಗದು. ಪ್ರಯೋಗಶಾಲೆಯಲ್ಲಿ ಎಣಿಕೆ ಸಾಲದಿದ್ದರೆ ನಾವು ಇನ್ನೊಂದು ಗಂಟೆ ಎಣಿಸುತ್ತೇವೆ. ಅವನು ಇಂದು ಸಂಜೆಯೊಳಗೆ ಆರು ಹೆಸರುಗಳನ್ನು ಬರೆದುಕೊಡಬೇಕು. 2024 ರ ಮೇ ತಿಂಗಳಲ್ಲಿ ಡಲ್ಲಾಸ್ ತಂಡದ ವಿರುದ್ಧ ಎಡ್ಮಂಟನ್ 2-1 ರಿಂದ ಹಿಂದೆ ಬಿದ್ದಿತ್ತು. ತರಬೇತುದಾರ ಕ್ರಿಸ್ ನೊಬ್ಲಾಕ್ ರಕ್ಷಕ ವಿನ್ಸೆಂಟ್ ಡೆಹಾರ್ನೆಯವರನ್ನು ಕೂರಿಸಿ, ಋತುವಿನ ಬಹುಭಾಗವನ್ನು ಕೆಳದರ್ಜೆಯ ತಂಡದಲ್ಲಿ ಕಳೆದಿದ್ದ ಫಿಲಿಪ್ ಬ್ರೋಬರಿಯವರನ್ನು ನಾಲ್ಕನೆಯ ಆಟಕ್ಕೆ ಇಳಿಸಿದರು. ಆ ಆಟವನ್ನೂ ಮುಂದಿನ ಎರಡನ್ನೂ ಎಡ್ಮಂಟನ್ ಗೆದ್ದಿತು. ಆ ದಿನ ಬದಲಾದವರು ಅವರೊಬ್ಬರೇ ಅಲ್ಲವಾದರೂ ಬದಲಾವಣೆಯೇ ಗೆಲ್ಲಿಸಿತೆಂದು ಹೇಳುವುದು ಸುಲಭ. ಮೂರು ಆಟಗಳಿಂದ ಹಾಗೆ ಹೇಳುವುದು ನ್ಯಾಯವಲ್ಲ. ಆದರೆ ನೊಬ್ಲಾಕರ ನಿರ್ಧಾರ ತಪ್ಪೆಂದು ಹೇಳುವುದೂ ಅಷ್ಟೇ ಅನ್ಯಾಯ. ಇಡೀ ಋತುವಿನ ಎಣಿಕೆ, ಅಭ್ಯಾಸದಲ್ಲಿ ಕಣ್ಣಿಗೆ ಕಂಡದ್ದು, ಈಚಿನ ಮೂರು ಆಟಗಳು, ಇವೆಲ್ಲಕ್ಕೂ ಅವವುಗಳ ಯೋಗ್ಯತೆಗೆ ತಕ್ಕ ತೂಕ ಕೊಟ್ಟು ನಿರ್ಧರಿಸಿದರೆ ಫಲ ಏನೇ ಆಗಲಿ ವಿಧಾನ ಸರಿಯಾಗಿರುತ್ತದೆ. ಈಚಿನ ಮೂರು ಆಟಗಳಿಗೇ ಎಲ್ಲ ತೂಕವನ್ನೂ ಕೊಡುವುದನ್ನಷ್ಟೇ ನಾವು ಆಕ್ಷೇಪಿಸುವುದು.

ಆ ಬೇಸಗೆಯಲ್ಲೇ ಎಡ್ಮಂಟನ್ನಿನ ರಕ್ಷಕರ ಸಾಲು ಚೆದರಿತು. ಜುಲೈಯಲ್ಲಿ ಡೆಹಾರ್ನೆ ವ್ಯಾಂಕೂವರಿಗೆ ಹೋದರು. ಆಗಸ್ಟಿನಲ್ಲಿ ಕೋಡಿ ಸೀಸಿಯವರನ್ನು ಸ್ಯಾನ್ ಹೋಸೆ ತಂಡಕ್ಕೆ ಕೊಡಲಾಯಿತು. ಸೇಂಟ್ ಲೂಯಿಸ್ ಬ್ರೋಬರಿಯವರಿಗೆ ಕೊಟ್ಟ ಸಂಬಳವನ್ನು ಎಡ್ಮಂಟನ್ ಸರಿಗಟ್ಟದೆ ಅವರನ್ನೂ ಬಿಟ್ಟುಕೊಟ್ಟಿತು. ಫ್ಲಾರಿಡಾದಿಂದಲೂ ಬ್ರಾಂಡನ್ ಮಾಂಟೂರ್ ಮತ್ತು ಎಕ್‌ಮನ್-ಲಾರ್ಸನ್ ಹೊರಟುಹೋದರು. ಹೀಗೆ ಹೊಸ ಕಾವಲಿನೊಡನೆ ಅವೇ ಎರಡು ತಂಡಗಳು 2025 ರಲ್ಲಿ ಮತ್ತೆ ಅಂತಿಮ ಸರಣಿಗೆ ಬಂದವು. ಫ್ಲಾರಿಡಾ 4-2 ರಿಂದ ಮತ್ತೆ ಗೆದ್ದಿತು.

ಆ ವರ್ಷದ ಪ್ಲೇ-ಆಫ್‌ಗಳು ಮೊದಲಾದಾಗ ಎಡ್ಮಂಟನ್ನಿನ ಮೊದಲ ಜೋಡಿಯ ಮಟಿಯಾಸ್ ಎಕ್‌ಹೋಮ್ ಗಾಯದಿಂದ ಹೊರಗಿದ್ದರು. ಅವರಿಲ್ಲದೆ ತಂಡ ಲಾಸ್ ಏಂಜಲಿಸ್, ವೇಗಸ್, ಡಲ್ಲಾಸ್ ತಂಡಗಳ ಎದುರು 15 ಆಟಗಳಲ್ಲಿ 11 ನ್ನು ಗೆದ್ದಿತು. ಅವರು ಬೇಕಾಗಿಯೇ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಬಹುದೆ? ನಾಣ್ಯವನ್ನು 15 ಸಲ ಚಿಮ್ಮಿದರೆ 11 ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವುದು ನೂರರಲ್ಲಿ ಆರು ಬಾರಿ. ಮೆಕ್‌ಡೇವಿಡ್ ಇರುವ ತಂಡವಂತೂ ನಾಣ್ಯಕ್ಕಿಂತ ಮೇಲು. ಅಂಥ ತಂಡ ತನ್ನ ಅತ್ಯುತ್ತಮ ರಕ್ಷಕರಲ್ಲೊಬ್ಬನನ್ನು ಕಳೆದುಕೊಂಡು ಬಲಗುಂದಿದ್ದರೂ ಇಷ್ಟು ಗೆಲ್ಲುವುದು ಅಪರೂಪವೇನಲ್ಲ. ಎಡ್ಮಂಟನ್ನಿನವರಿಗೂ ಹಾಗೆಯೇ ತೋರಿರಬೇಕು. ಡಲ್ಲಾಸ್ ಸರಣಿಯ ಐದನೆಯ ಆಟಕ್ಕೆ ಎಕ್‌ಹೋಮ್ ಸಿದ್ಧರಾದೊಡನೆ, ಗೆಲ್ಲುತ್ತಿದ್ದ ಜೋಡಿಗಳನ್ನು ಬದಲಿಸಿ ಅವರನ್ನು ಕಣಕ್ಕಿಳಿಸಿದರು.