ಮಣ್ಣು ತೆಗೆಯುವ ಹುಡುಗರ ಕಾಲಿಗೆ ಬೂಟು ಬೇಡವೇ?

ಕಳೆದ ಬೇಸಿಗೆಯಲ್ಲಿ ಮಣ್ಣಿನ ಮಾದರಿ ತೆಗೆಯುವವರ ಜೊತೆ ಸುದ್ದಿಗೆಂದು ನಾವೂ ಒಂದು ದಿನ ಹೊಲ ಸುತ್ತಿದೆವು. ಇಬ್ಬರು ಹುಡುಗರು, ಗುತ್ತಿಗೆ ಕೆಲಸ. ಕೈಯಲ್ಲಿ ಸಲಿಕೆ, ಬಕೆಟ್ಟು, ಪ್ಲಾಸ್ಟಿಕ್ ಚೀಲ. ಕಾಲಲ್ಲಿ ಹವಾಯಿ ಚಪ್ಪಲಿ.

ಇದೇನು ಮಹಾ ಕೆಲಸ ಅನ್ನಿಸಬಹುದು. ಮೇಲಿನ ಕಸಕಡ್ಡಿ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ಗುಂಡಿ ತೋಡಿ, ಅಂಚಿನ ಮಣ್ಣು ಕೆರೆದು ತೆಗೆಯಬೇಕು. ಒಂದು ಹೊಲದಲ್ಲಿ ಎಂಟು ಹತ್ತು ಕಡೆ ಹೀಗೇ. ಆದರೆ ಕಸ ಸರಿಸುವ ಆ ಕೈಗೇ ಅಪಾಯ. ಒಣ ಎಲೆಯಡಿ ಕೊಳಕುಮಂಡಲ ಮಲಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಏಪ್ರಿಲ್ ಬಿಸಿಲು, ಮಧ್ಯಾಹ್ನದ ಮೇಲೆ ಸಿಡಿಲು, ನೆಲದ ಮೇಲೆ ಎಳೆದ ಪಂಪ್‌ಸೆಟ್ ವೈರು, ಪಕ್ಕದ ತೋಟಕ್ಕೆ ಬೆಳಿಗ್ಗೆಯಷ್ಟೇ ಹೊಡೆದ ಔಷಧ.

"ಒಳಗೆ ಹೋಗೋಕೆ ಭಯ ಸಾರ್, ಕೆಲವು ಸಲ ಬದು ಪಕ್ಕನೇ ತೆಗೆದುಬಿಡ್ತೀವಿ" ಎಂದ ಒಬ್ಬ ಹುಡುಗ.

ಈ ಮಾತು ರೈತರಿಗೂ ತಟ್ಟಬೇಕು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗದ ಮಣ್ಣು ತೆಗೆಯಬಾರದು ಎಂಬುದೇ ನಿಯಮ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ಲೆಕ್ಕ ಬರುತ್ತದೆ. ಬದುವಿನ ಮಣ್ಣು ಕೊಟ್ಟರೆ ಬರುವುದು ಬದುವಿನ ಲೆಕ್ಕ. ಅದನ್ನು ನಂಬಿ ಗೊಬ್ಬರ ಹಾಕಿ ಕೈ ಸುಟ್ಟುಕೊಳ್ಳುವವರು ನಾವೇ.

ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಕಡಿತ ಎಣಿಸುವ ಸರ್ಕಾರ ಕಡಿಯದಂತೆ ಬೂಟನ್ನೂ ಕೊಡಿಸಬೇಕಲ್ಲ? ಮೊಣಕಾಲುದ್ದದ ಬೂಟು, ದಪ್ಪ ಕೈಗವಸು, ವಿಮೆ, ಇಷ್ಟನ್ನು ಗುತ್ತಿಗೆಯ ಕರಾರಿನಲ್ಲೇ ಬರೆಯಲಿ. ದಿನಕ್ಕೆ ಇಷ್ಟು ಮಾದರಿ ಎಂಬ ಒತ್ತಡ ಬಿಟ್ಟು, ಬೇಸಿಗೆಯಲ್ಲಿ ಬೆಳಗಿನ ಹೊತ್ತಿಗೇ ಕೆಲಸ ಮುಗಿಸಲಿ.

ನಮ್ಮ ಪಾಲೂ ಇದೆ. ಅವರು ಬಂದಾಗ ಹೊಲಕ್ಕೆ ಜೊತೆಗೆ ಹೋಗೋಣ. ಯಾವಾಗ ಔಷಧ ಹೊಡೆದೆವು, ವೈರು ಎಲ್ಲಿದೆ, ಹುತ್ತ ಎಲ್ಲಿದೆ ಎಂದು ಮೊದಲೇ ಹೇಳೋಣ. ಒಂದು ಚೊಂಬು ನೀರು ಕೊಡೋಣ. ಹಾವು ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಡಿಸಿಕೊಂಡವರನ್ನು ಓಡಾಡಿಸದೆ ನೇರ ಆಸ್ಪತ್ರೆಗೆ ಸಾಗಿಸೋಣ.

ನಮ್ಮ ಹೊಲದ ಮಣ್ಣಿಗಾಗಿ ಬಂದ ಹುಡುಗ ಸಂಜೆ ತನ್ನ ಮನೆ ಸೇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಕೃಷಿ ಅಧಿಕಾರಿ ಸಿಕ್ಕರೆ ಬೂಟಿನ ವಿಷಯ ಕೇಳಿ. ನಾವೂ ಕೇಳುತ್ತೇವೆ.