ಬೆಲೆಯ ಪುಟಕ್ಕಿಂತ ಮೊದಲು ಪದಗಳ ಪುಟ

ಫ್ಲ್ಯಾಟ್ ಕೊಳ್ಳುವ ಅಗ್ರಿಮೆಂಟ್ ಕೈಗೆ ಬಂದ ಕೂಡಲೇ ನಾವೆಲ್ಲ ಹುಡುಕೋದು ಎರಡೇ: ಒಟ್ಟು ಎಷ್ಟು ಲಕ್ಷ, ಕೀಲಿ ಯಾವಾಗ. ಉಳಿದ ಪುಟಗಳನ್ನು ವಕೀಲರ ಭಾಷೆ ಅಂತ ಪಕ್ಕಕ್ಕಿಡ್ತೀವಿ. ಆದರೆ ಅಷ್ಟು ಲಕ್ಷಕ್ಕೆ ನಿಮಗೆ ಸಿಗೋದೇನು ಅನ್ನೋದು ಬರೆದಿರೋದು ಶುರುವಿನ ವ್ಯಾಖ್ಯೆಗಳಲ್ಲಿ ಮತ್ತು ಕೊನೆಯ ಶೆಡ್ಯೂಲ್‌ಗಳಲ್ಲಿ.

ಕೋಡ್ ಬರೆಯೋರಿಗೆ ಇದು ಹೊಸದೇನಲ್ಲ. ವೇರಿಯೇಬಲ್ ಹೆಸರು ಏನೇ ಇರಲಿ, ಮೇಲೆ ಅದಕ್ಕೆ ಏನು ಕೊಟ್ಟಿದ್ದೀವೋ ಅದೇ ಅದರ ಅರ್ಥ. ಕರಾರು ಪತ್ರವೂ ಹಾಗೇ. ‘ಮನೆ’ ಅಂದ್ರೆ ನಿಮ್ಮ ಮನಸ್ಸಿನಲ್ಲಿರೋ ಮನೆಯಲ್ಲ, ಅಲ್ಲಿ ಬರೆದಿರೋ ಮನೆ.

‘ಕಾರ್ಪೆಟ್ ಏರಿಯಾ’ನೇ ನೋಡಿ. ಕಾರ್ಪೆಟ್ ಹಾಸಬಹುದಾದಷ್ಟು ಜಾಗ ಅಂತ ನಾವು ಅಂದ್ಕೊಳ್ತೀವಿ. 2016ರ ರೇರಾ ಕಾಯ್ದೆ ಹೇಳೋದು ಸ್ವಲ್ಪ ಬೇರೆ. ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ. ಹೊರಗೋಡೆ, ಪೈಪುಗಳು ಹೋಗುವ ಡಕ್ಟ್, ನಿಮಗೆ ಮಾತ್ರ ಸೇರಿದ ಬಾಲ್ಕನಿ ಮತ್ತು ತೆರೆದ ಟೆರೇಸ್ ಸೇರೋದಿಲ್ಲ. ಇನ್ನು ‘ಸೂಪರ್ ಬಿಲ್ಟ್ಅಪ್’ ಅನ್ನೋ ಪದಕ್ಕೆ ಆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಲಿಫ್ಟ್, ಮೆಟ್ಟಿಲು, ಕ್ಲಬ್‌ಹೌಸ್ ಎಲ್ಲದರ ಪಾಲು ಸೇರಿಸಿ ಬಿಲ್ಡರ್ ಹಾಕೋ ಲೆಕ್ಕ ಅದು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಸೂಪರ್ ಬಿಲ್ಟ್ಅಪ್ 1,200 ಚದರಡಿ, ಅಡಿಗೆ 6,000 ರೂಪಾಯಿ, ಒಟ್ಟು 72 ಲಕ್ಷ. ಕಾರ್ಪೆಟ್ ಏರಿಯಾ 840 ಚದರಡಿ ಇದ್ದರೆ ನಿಮಗೆ ಬಿದ್ದ ನಿಜವಾದ ದರ ಅಡಿಗೆ ಸುಮಾರು 8,570. ಪಕ್ಕದ ಪ್ರಾಜೆಕ್ಟ್‌ನವರು 6,500 ಅಂದ ಮಾತ್ರಕ್ಕೆ ಅದು ದುಬಾರಿ ಅಂತಲ್ಲ. ಎರಡನ್ನೂ ಕಾರ್ಪೆಟ್ ಏರಿಯಾಗೆ ಇಳಿಸಿ ಹೋಲಿಸಿದಾಗಲೇ ಗೊತ್ತಾಗೋದು.

ಈಗ ಶೆಡ್ಯೂಲ್‌ಗಳಿಗೆ ಬರೋಣ. ಬೆಂಗಳೂರಿನ ಅಪಾರ್ಟ್‌ಮೆಂಟ್ ಪತ್ರಗಳಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ. ‘ಎ’ ಅಂದ್ರೆ ಇಡೀ ಜಮೀನು, ಸರ್ವೆ ನಂಬರ್ ಮತ್ತು ಚೆಕ್ಕುಬಂದಿ ಸಮೇತ. ‘ಬಿ’ ಅಂದ್ರೆ ಆ ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು, ಎಲ್ಲರೂ ಯುಡಿಎಸ್ ಅನ್ನೋದು ಇದನ್ನೇ. ‘ಸಿ’ ಅಂದ್ರೆ ನಿಮ್ಮ ಫ್ಲ್ಯಾಟ್. ನಾವೆಲ್ಲ ‘ಸಿ’ ನೋಡಿ ಖುಷಿಪಡ್ತೀವಿ, ‘ಬಿ’ ಮೇಲೆ ಕಣ್ಣು ಹಾಯೋದೇ ಇಲ್ಲ. ಕಟ್ಟಡಕ್ಕೆ ವಯಸ್ಸಾಗುತ್ತೆ, ಮಣ್ಣಿಗೆ ಆಗಲ್ಲ. ಒಂದು ಎಕರೆ ಅಂದ್ರೆ 43,560 ಚದರಡಿ. ಅದರಲ್ಲಿ ಒಂದೇ ಅಳತೆಯ ನೂರು ಫ್ಲ್ಯಾಟ್ ಇದ್ದರೆ ಒಬ್ಬೊಬ್ಬರಿಗೆ ಸುಮಾರು 435 ಚದರಡಿ ನೆಲ. ಮುಂದೊಂದು ದಿನ ಕಟ್ಟಡ ಕೆಡವಿ ಕಟ್ಟೋ ಮಾತು ಬಂದಾಗ ನಿಮ್ಮ ಕೈಲಿ ಉಳಿಯೋದು ಈ ಅಂಕಿ. ಹಾಗಾಗಿ ಅದು ಎಷ್ಟು ಚದರಡಿ ಅಂತ ಸ್ಪಷ್ಟವಾಗಿ ಬರೆದಿರಬೇಕು.

ಪಾರ್ಕಿಂಗ್ ವಿಷಯದಲ್ಲೂ ಪದ ನೋಡಿ. ರೇರಾ ಕಾಯ್ದೆಯ ಪ್ರಕಾರ ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ. ಮೇಲೆ ಸೂರು, ಮೂರು ಕಡೆ ಗೋಡೆ ಇದ್ದರೆ ಮಾತ್ರ ಅದು ‘ಗ್ಯಾರೇಜ್’. ಪತ್ರದಲ್ಲಿ ‘ಮಾರಾಟ’ ಅಂತಿದೆಯಾ, ‘ಬಳಸುವ ಹಕ್ಕು’ ಅಂತಿದೆಯಾ? ಎರಡೂ ಒಂದೇ ಅಲ್ಲ. ಅಸೋಸಿಯೇಷನ್ ಮೀಟಿಂಗ್‌ಗಳಲ್ಲಿ ಅಕ್ಕಪಕ್ಕದವರು ಮಾತು ಬಿಡೋ ಮಟ್ಟದ ಜಗಳ ಶುರುವಾಗೋದು ಇಂಥ ಪದಗಳಿಂದಲೇ.

“ಬ್ಯಾಂಕಿನ ಲಾಯರ್ ನೋಡಿ ಲೋನ್ ಕೊಟ್ಟಿದ್ದಾರಲ್ಲ, ಇನ್ನೇನು?” ಅಂತ ಕೇಳೋರಿದ್ದಾರೆ. ಅವರು ನೋಡೋದು ಬ್ಯಾಂಕಿನ ದುಡ್ಡು ಸುರಕ್ಷಿತವಾ ಅಂತ. ನಿಮ್ಮ ಬಾಲ್ಕನಿ ಯಾವ ಲೆಕ್ಕದಲ್ಲಿದೆ ಅಂತ ನೋಡೋದು ಅವರ ಕೆಲಸವಲ್ಲ. ಇಪ್ಪತ್ತು ವರ್ಷ ಇಎಮ್‌ಐ ಕಟ್ಟೋರು ನೀವು.

ಕೇಳೋಕೆ ಸರಿಯಾದ ಸಮಯ ದೊಡ್ಡ ಮೊತ್ತ ಕೊಡೋಕೆ ಮುಂಚೆ. ರೇರಾ ವ್ಯಾಪ್ತಿಯ ಪ್ರಾಜೆಕ್ಟ್‌ನಲ್ಲಿ ಅಗ್ರಿಮೆಂಟ್ ನೋಂದಣಿ ಆಗದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತಗೊಳ್ಳೋ ಹಾಗಿಲ್ಲ. ಬುಕಿಂಗ್‌ಗೆ ಮೊದಲೇ ಕರಡು ಪ್ರತಿ ಕೇಳಿ. ವ್ಯಾಖ್ಯೆಗಳ ಪುಟ ಮತ್ತು ಮೂರು ಶೆಡ್ಯೂಲ್‌ಗಳನ್ನು ಪ್ರಿಂಟ್ ತೆಗೆದು, ಮನೆಯವರ ಜೊತೆ ಕೂತು ಪೆನ್ಸಿಲ್ ಹಿಡಿದು ಓದಿ. ಅರ್ಥವಾಗದ ಪದಕ್ಕೆ ಗೆರೆ ಎಳೆದು, ನಿಮ್ಮ ಕಡೆಯ ವಕೀಲರೊಬ್ಬರಿಗೆ ತೋರಿಸಿ. ಅವರ ಫೀಸು ಒಂದು ತಿಂಗಳ ಇಎಮ್‌ಐಗಿಂತ ಹೆಚ್ಚಾದರೂ ಪರವಾಗಿಲ್ಲ, ಕೊಡಿ.