ಉಜ್ಜದೆ ಬೆಳಗುವ ಬೆಳ್ಳಿ

ಕೊಕಟನೂರಿನ ಯಲ್ಲಮ್ಮನ ಜಾತ್ರೆ ಬಂತೆಂದರೆ ಪೆಟ್ಟಿಗೆಯೊಳಗಿನ ಬೆಳ್ಳಿಯ ಕಾಲ್ಗೆಜ್ಜೆ, ಕುಂಕುಮದ ಬಟ್ಟಲು ಹೊರಬರುತ್ತವೆ, ಆದರೆ ಕಪ್ಪಾಗಿ! ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುವುದೇ ಇದಕ್ಕೆ ಕಾರಣ. ಬೂದಿ, ಹಲ್ಲುಪುಡಿ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಬೆಳ್ಳಿಯೂ ಸವೆಯುತ್ತದೆ. ಅಜ್ಜಿಯ ಗೆಜ್ಜೆ ಮೊಮ್ಮಗಳ ಕಾಲಿಗೆ ಬರುವಷ್ಟರಲ್ಲಿ ಅದರ ನಕ್ಷೆಯೇ ಅಳಿಸಿರುತ್ತದೆ.

ಪಿಂಗಾಣಿ ಬೋಗುಣಿಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಒಡವೆ ಇಡಿ. ಒಂದು ಲೀಟರ್ ಕುದಿನೀರಿಗೆ 2 ಚಮಚ ಅಡುಗೆ ಸೋಡಾ, 1 ಚಮಚ ಉಪ್ಪು ಬೆರೆಸಿ ಮೆಲ್ಲಗೆ ಸುರಿಯಿರಿ. ಅಲ್ಯೂಮಿನಿಯಂ ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಗಂಧಕ ಬಿಟ್ಟುಹೋಗಿ ಬೆಳ್ಳಿ ಅಲ್ಲೇ ಉಳಿಯುತ್ತದೆ. ಕೊಳೆತ ತತ್ತಿಯ ವಾಸನೆ ಬಂದೀತು, ಕಿಟಕಿ ತೆರೆದಿರಲಿ. 5 ನಿಮಿಷದ ನಂತರ ತೊಳೆದು ಒರೆಸಿ. ಹರಳು ಕೂಡಿಸಿದ, ಅರಗು ತುಂಬಿದ ಒಡವೆಗಳಿಗೆ ಮಾತ್ರ ಈ ವಿಧಾನ ಬೇಡ.